ಉದ್ದ ದಾರ, ಗಿಡ್ಡ ದಾರ

ಡಬ್ಬಿಯ ಮೇಲೆ ಬರೆದಿದೆ:
ಚಿನ್ನಪಾಪಕ್ಕ, ಐವತ್ತೆಂಟು, ಸುಗಟೂರು.
ಒಳಗೆ ಫಾರ್ಮಲಿನ್ನಿನಲ್ಲಿ ಎಡಗೆನ್ನೆ,
ಎರಡು ಹಲ್ಲು ಬಿಡದೆ ಹಿಡಿದುಕೊಂಡ ದವಡೆಯ ತುಂಡು.
ಕಣ್ಣುರಿಯುತ್ತದೆ. ಅಳುವಲ್ಲ, ಘಾಟು.

ಅಂಚಿಗೆ ಎರಡು ರೇಷ್ಮೆ ಗಂಟು.
ಉದ್ದ ದಾರ ಮುಂದಕ್ಕೆ, ಗಿಡ್ಡ ದಾರ ಮೇಲಕ್ಕೆ;
ಮೈ ಬಿಟ್ಟು ಬಂದ ಮಾಂಸಕ್ಕೆ
ಬೇರೆ ದಿಕ್ಕು ಗೊತ್ತಿಲ್ಲ.
ನಾನು ಶಿಡ್ಲಘಟ್ಟದ ನೂಲು ಬಿಚ್ಚುವವರ ಮಗಳು,
ಕುದಿನೀರಲ್ಲಿ ಎಳೆಯ ತುದಿ ಹುಡುಕಿ
ಬೆರಳು ಬೇಯಿಸಿಕೊಂಡವಳು.
ಕೋಲಾರದ ಈ ಲ್ಯಾಬಿನಲ್ಲೂ ಅದೇ ಕೆಲಸ:
ಎಲ್ಲಿ ಮುಗಿಯುತ್ತದೆ ಇದು?

ಚೂರು ತೆಗೆದ ದಿನ ಡಾಕ್ಟರು ಹೇಳಿದ್ದರು:
ಗಂಟೆಲ್ಲ ಒಂದೇ ಅಲ್ಲಮ್ಮ.
ಕೆಲವು ತಮ್ಮ ಚೀಲದೊಳಗೇ ಕೂತು ದಪ್ಪವಾಗುತ್ತವೆ,
ಒತ್ತಿದರೆ ಜಾರುತ್ತವೆ, ಅವು ಸಾಧು.
ಮೂಳೆಯಲ್ಲಿ ಹುಟ್ಟುವುದಕ್ಕೆ ಒಂದು ಹೆಸರು,
ಗಡ್ಡೆಯೇ ಕಟ್ಟದೆ ರಕ್ತದಲ್ಲಿ ಹರಿಯುವುದಕ್ಕೆ ಇನ್ನೊಂದು.
ನಿನ್ನದು ಒಳಗೆನ್ನೆಯ ಪೊರೆಯದು, ಬೇರಿಳಿಸುವ ಜಾತಿ.
ಸುತ್ತಲಿನ ಒಳ್ಳೆ ಮಾಂಸವನ್ನೂ ತೆಗೆಯಬೇಕು, ಯಾಕೆಂದರೆ...

'ಗೊತ್ತು ಸಾಮಿ' ಅಂದಳು.
'ಮಂಡೀಲಿ ಟೊಮೊಟೊ ಆಯೋಳು ನಾನು.
ಕೊಳೆತದ್ದೊಂದೇ ತೆಗೆದ್ರೆ ಸಾಲ್ದು,
ಅದಕ್ಕೆ ತಗುಲ್ಕಂಡಿರೋ ನಾಕು ಒಳ್ಳೇವೂ ಹೋಗ್ಬೇಕು.
ಇಲ್ದಿದ್ರೆ ಲಾರಿ ಊರು ಮುಟ್ಟೋದ್ರೊಳಗೆ
ಕ್ರೇಟೇ ನೀರಾಗಿರ್ತದೆ.'
ಆಮೇಲೆ ನಾಲಿಗೆಯಿಂದ ಆ ಜಾಗ ಮುಟ್ಟಿಕೊಂಡು,
'ನಲವತ್ತು ವರ್ಷ ಹೊಗೆಸೊಪ್ಪು ಇಲ್ಲೇ ಮಲಗಿಸ್ತಿದ್ದೆ,
ಮಗೂನ್ನ ಮಲಗಿಸಿದಂಗೆ.'

ಮೇಲಂಚಿಗೆ ನೀಲಿ ಶಾಯಿ ಹಚ್ಚುತ್ತೇನೆ, ತಳಕ್ಕೆ ಕಪ್ಪು.
ಕುತ್ತಿಗೆಯ ಕೊಬ್ಬನ್ನು ಬೆರಳಲ್ಲಿ ಹಿಸುಕಿ ಗ್ರಂಥಿ ಹುಡುಕುತ್ತೇನೆ,
ಅವರೆಕಾಯಿ ಸುಲಿದ ಹಾಗೆ.
ಇಪ್ಪತ್ತಮೂರು ಸಿಕ್ಕವು.
ಒಂದು ಮಾತ್ರ ಗಟ್ಟಿ.

ಗಾಜಿನಡಿ ಗುಲಾಬಿ ಸುರುಳಿಗಳು.
ಪುಸ್ತಕ ಅವನ್ನು ಮುತ್ತು ಎಂದು ಕರೆಯುತ್ತದೆ.
ಹೆಸರಿಟ್ಟವನಿಗೆ ನಾಚಿಕೆಯಾಗಲಿಲ್ಲವೇ
ಎಂದು ಮೊದಲ ವರ್ಷ ಸಿಟ್ಟಾಗಿದ್ದೆ.
ಈಗಿಲ್ಲ. ಚೆಂದವೇ ಇವೆ.

ನಾಲ್ಕು ಅಂಚೂ ಶುದ್ಧ.
ತಳ ಮೂರು ಮಿಲಿಮೀಟರು.
ಐದಿದ್ದಿದ್ದರೆ!
ಇನ್ನೆರಡು ಎಳೆ ನೂಲಿನಷ್ಟು ಜಾಗಕ್ಕೆ
ಆರು ವಾರ ಕರೆಂಟು ಕೊಡುತ್ತಾರೆ.

ಹೊಲಿಗೆ ಬಿಚ್ಚಿಸಲು ಬಂದವಳು ನಮ್ಮ ಕಿಟಕಿಗೆ ಬಂದಳು.
ಎದೆಯಿಂದೆತ್ತಿ ಹೊಲಿದ ಹೊಸ ಕೆನ್ನೆ ಊದಿತ್ತು,
ಮಾತು ಒಂದು ಬದಿಗೆ ಸೋರುತ್ತಿತ್ತು.
'ನನ್ನ ಕೆನ್ನೆ ಏನ್ಮಾಡಿದ್ರಿ?'
ಮೇಣದಲ್ಲಿಟ್ಟಿದೀವಿ ಅಕ್ಕ, ನಂಬರು ಹಾಕಿ.
'ಇರ್ಲಿ' ಅಂದಳು, 'ಜೋಪಾನ.'

ಹೋಗುವಾಗ ಅವಳ ಕೈ ಸೊಂಟದ ಎಲೆಚೀಲಕ್ಕೆ ಹೋಯಿತು,
ಬರಿ ಚೀಲವನ್ನು ಒಮ್ಮೆ ಅಮುಕಿ
ಹಿಂದಕ್ಕೆ ಬಂತು.