ಯಾವ ಸಾಲಿನಲ್ಲಿ ನಿಂತು

ಡಿಸೆಂಬರ್. ಹಾರ್ಲಿಂಗನ್ ಕಡೆಯಿಂದ ಗಾಳಿ.
ಅದಕ್ಕೆ ಎದೆಕೊಟ್ಟು ಸೈಕಲ್ ತುಳಿದು ಬಂದಳು ಹಿಲ್ಟ್ಯೆ,
ಕೆಂಪು ಮೂಗು, ಹೆಗಲಲ್ಲಿ ಲ್ಯಾಪ್‌ಟಾಪು.
"ಯಾವುದು ಕೆಟ್ಟಿರೋದು?" ಅಂದಳು, ಕೋಟು ತೆಗೆಯದೆ.

ಮೂರನೇದು, ಅಂದೆ. ಸೋಮಾರಿ.
ಮಿಕ್ಕೆರಡು ಮೈನಸ್ ನೂರಿಪ್ಪತ್ತರ ತನಕ ನೀರೆಳೆಯುತ್ತವೆ,
ಇದು ನೂರೈದಕ್ಕೇ ಉಸ್ಸಪ್ಪಾ ಎಂದು ಕೂತುಬಿಡುತ್ತದೆ.
ಆರು ಚಳಿಗಾಲ ನಾನೇ ಗುಂಡಿ ಒತ್ತಿ
ಎಬ್ಬಿಸಿದ್ದೇನೆ ಅದನ್ನು, ನಡುರಾತ್ರಿ, ಬೈದು ಬೈದು.
ಹುಟ್ಟುಗುಣ ಅಂದುಕೊಂಡಿದ್ದೆ.

ಕೇಬಲ್ ಸಿಕ್ಕಿಸಿದಳು. ಡಿಬಗ್ಗರ್ ತೆರೆದಳು.
ಓಡುತ್ತಿದ್ದ ಕೆಲಸವನ್ನು ಒಂದು ಸಾಲಿನಲ್ಲಿ ತಡೆದು
ಕೇಳಿದಳು: ವಿಂಟರ್‌ಪೇಲ್ ಅಂದರೆ ಎಷ್ಟು?
ಚಳಿಗಾಲದ ನೀರಮಟ್ಟ; ನಮ್ಮಲ್ಲಿ ಶಾಲೆಮಕ್ಕಳಿಗೂ ಗೊತ್ತು.
ಪೆಟ್ಟಿಗೆ ಹೇಳಿತು: ಅಂಥ ಹೆಸರಿನವರು ಯಾರೂ ಇಲ್ಲ ಇಲ್ಲಿ.

ನನಗೆ ನಗು. ಅವಳಿಗಿಲ್ಲ.
"ಅದು ಮ್ಯಾಕ್ರೊ. ಕಂಪೈಲರ್ ಒಳಗೆ ಹೋಗುವ ಮೊದಲೇ
ಹೊಸ್ತಿಲಾಚೆ ಹೆಸರು ಕಳಚಿಡುತ್ತಾರೆ,
ನೀನು ಮರದ ಜೋಡು ಬಿಟ್ಟು ಬರುತ್ತೀಯಲ್ಲ, ಹಾಗೆ.
ಒಳಗೆ ಓಡಾಡುವುದು ಬರೀ ಅಂಕಿ,
ಕಾಲುಚೀಲದಲ್ಲಿ, ಸದ್ದಿಲ್ಲದೆ."

ಮತ್ತೆ ಮೊದಲಿಂದ ಕಟ್ಟಿದಳು ಎಲ್ಲ,
ಈ ಸಲ ಜೀ-ಮೂರು ಎಂಬ ಪುಟ್ಟ ಅಪ್ಪಣೆ ಸೇರಿಸಿ:
ಬಾಗಿಲಲ್ಲಿ ಬಿಟ್ಟದ್ದಕ್ಕೂ ಲೆಕ್ಕ ಬರೆದಿಡು,
ಯಾರದು, ಯಾವ ಕಡತದ್ದು, ಎಷ್ಟನೇ ಸಾಲಿನದು.
ಅಷ್ಟರಲ್ಲಿ ಎರಡು ಲೋಟ ಕಾಫಿ,
ನನ್ನ ಹೆಂಡತಿ ಕಟ್ಟಿಕೊಟ್ಟ ಸಕ್ಕರೆ ಬ್ರೆಡ್ಡು.

ತೊಂಬತ್ತನೇ ಸಾಲಿನಲ್ಲಿ ನಿಂತು: ಇಲ್ಲಿ ಯಾರ್ಯಾರಿದ್ದೀರಿ?
ಉದುರಿತು ಪಟ್ಟಿ, ಮುನ್ನೂರು, ಮುನ್ನೂರೈವತ್ತು,
ಹಿಂದೂ ಮುಂದೂ ಜೋಡಿ ಅಡಿಗೆರೆ ಕಟ್ಟಿಕೊಂಡವು,
ಯಾರೂ ಕರೆಯದೆ ತಾವೇ ಬಂದ ಹಳಬರು,
ಕಂಪೈಲರ್‌ನ ತವರಿನವರು.
ಬೆರಳು ಸರಿಸುತ್ತ ಹೋದಳು
ಮದುವೆಮನೆಯಲ್ಲಿ ತನ್ನವರೊಬ್ಬರನ್ನು ಹುಡುಕುವವಳ ಹಾಗೆ.
ಇತ್ತು. ವಿಂಟರ್‌ಪೇಲ್, ಮೈನಸ್ ನೂರಿಪ್ಪತ್ತು.

"ಸರಿಯಾಗೇ ಇದೆಯಲ್ಲ!"
"ಈ ಸಾಲಿನಲ್ಲಿ," ಅಂದಳು.

ಕೆಳಗಿಳಿದಳು. ನೂರ ಎಪ್ಪತ್ತು. ಇನ್ನೂರು. ಅದೇ ಮಾತು.
ಇನ್ನೂರ ಹನ್ನೆರಡು ದಾಟಿದ್ದೇ
ಮೈನಸ್ ನೂರೈದು.

ನಮ್ಮೂರಿಗೆ ಎರಡು ಹೆಸರು. ಫಲಕದಲ್ಲಿ
ಮೇಲೆ ಫ್ರೀಸಿಯನ್, ಕೆಳಗೆ ಡಚ್, ಊರು ಒಂದೇ.
ಇದು ತಿರುವುಮುರುವು: ಒಂದೇ ಹೆಸರು,
ಎರಡು ನೀರು.

ನಡುವೆ ಯಾರೋ ಹೆಸರು ಅಳಿಸಿ
ಮತ್ತೆ ನಾಮಕರಣ ಮಾಡಿದ್ದರು.
ಪೆಟ್ಟಿಗೆ ಈಗ ಸಾಕ್ಷಿ ನುಡಿಯಿತು: ಮೂರನೇ ಪಂಪಿನ ಕಡತ,
ಅದು ಕರೆತಂದ ಇನ್ನೊಂದು ಕಡತ, ಅದರ ನಾಲ್ಕನೇ ಸಾಲು.
ಗೆರ್ಬೆನ್‌ನ ಕೈ.

ಫೋನ್ ಮಾಡಿದೆವು. ನಿವೃತ್ತ, ತೆರ್ಸ್ಖೆಲ್ಲಿಂಗ್ ದ್ವೀಪದಲ್ಲಿ ಕುರಿ ಸಾಕಿದ್ದಾನೆ.
ಗಾಳಿ, ಕುರಿ, ಕೆಮ್ಮು. ಆಮೇಲೆ:
"ಓ, ಅದಾ. ಆಗಸ್ಟಿನಲ್ಲಿ ಏನೋ ಪರೀಕ್ಷೆಗೆ
ಬೇಸಿಗೆಯ ಮಟ್ಟ ಹಾಕಿದ್ದೆ.
ಒಂದು ಮಧ್ಯಾಹ್ನದ ಮಟ್ಟಿಗೆ."

ಆರು ವರ್ಷ ಇಳಿಯಲಿಲ್ಲ ಆ ಹೊತ್ತು.

ಎರಡು ಸಾಲು ಅಳಿಸಿದಳು. ಕಟ್ಟಿದಳು. ಓಡಿಸಿದಳು.
ಮೂರನೇ ಪಂಪು ನೂರೈದರ ಹತ್ತಿರ ಬಂತು,
ರೂಢಿಯಂತೆ ನಾನು ಎದ್ದು ನಿಂತೆ, ಬಯ್ಯಲು.
ದಾಟಿತು. ನೂರೆಂಟು. ನೂರ ಹದಿನಾಲ್ಕು.
ಇಷ್ಟು ದಿನವೂ ಅದು ಹೇಳಿದ್ದನ್ನೇ ಮಾಡಿತ್ತು,
ಚಾಚೂ ತಪ್ಪದೆ.

ಬೆನ್ನಿಗೆ ಗಾಳಿ ಸಿಕ್ಕಿ, ತುಳಿಯದೆಯೇ ಹೋದಳು ಹಿಲ್ಟ್ಯೆ.
ನಾನು ಡ್ಯೂಟಿ ಪುಸ್ತಕ ತೆರೆದೆ.
"ಸೋಮಾರಿ ನಿಂತಿತು, ೨-೪೦." "ಸೋಮಾರಿ, ಮತ್ತೆ."
ಪುಟಪುಟದಲ್ಲೂ ನನ್ನದೇ ಅಕ್ಷರ.
ಹೊಡೆದುಹಾಕೋಣವೆಂದು ಪೆನ್ನೆತ್ತಿದೆ. ಬಿಟ್ಟೆ.
ಆ ಸಾಲಿನಲ್ಲಿ ನಿಂತು ಯಾರಾದರೂ ಕೇಳಿದರೆ
ಅದರ ಹೆಸರು ಅದೇ;
ಇಟ್ಟವನು ಯಾರೆಂದೂ ಗೊತ್ತಾಗಲಿ.

ಕೆಳಗೆ, ಹೊಸ ಸಾಲು:
ಮೂರನೇ ಪಂಪು, ೪-೧೦, ಮೈನಸ್ ನೂರಿಪ್ಪತ್ತು.