ಮೊಣಕಾಲಿನಿಂದ ಕೆಳಗೆ

ಒಪ್ಪಂದದಲ್ಲಿ ಹಾಗೇ ಬರೆದಿದೆ:
ಮೊಣಕಾಲಿನಿಂದ ಕೆಳಗೆ ನಾನು.
ಮೇಲಿನದೆಲ್ಲ ನಾಯಕಿಯದು,
ಬೆವರು, ಕಣ್ಣೀರು, ಹೆಸರು.

ಪಾಜು ಊರಾಚೆ, ಹಿಂದೆ ರಟ್ಟಿನ ಡಬ್ಬ ಪೇರಿಸುತ್ತಿದ್ದ ಗೋದಾಮು.
ಜನವರಿ. ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ.
ಒಳಗೊಂದು ನೆಲಮಾಳಿಗೆ ಕಟ್ಟಿದ್ದಾರೆ,
ನೆಲದ ಮೇಲೆಯೇ.
ಐಡಲ್ ಆಗಹೊರಟ ಹುಡುಗಿಯರು
ಹದಿನಾರು ಕಂತು ಅಲ್ಲಿ ಕುಣಿಯಬೇಕು.

ಕಲಾ ವಿಭಾಗದ ಹುಡುಗ, ಪ್ಯೋ ಸೆ-ವನ್,
ಸ್ಪಂಜು ಅದ್ದಿ ಅದ್ದಿ ಗೋಡೆಗೆ ಬೂಷ್ಟು ಹಚ್ಚುತ್ತಿದ್ದ,
ಬಾಗಿಲ ಪಕ್ಕ, ಚಂದವಾಗಿ, ಮೋಡದ ಹಾಗೆ.
ಅಲ್ಲಲ್ಲ, ಎಂದೆ.
ನೀರಿನ ಕ್ಯಾನಿನ ಹಿಂದಿನ ಮೂಲೆಯಿಂದ ಶುರುವಾಗುತ್ತೆ ಅದು,
ಮೊದಲು ಕರಿಯೆಳ್ಳು ಚೆಲ್ಲಿದ ಹಾಗೆ,
ಆಮೇಲೆ ಕನ್ನಡಿಯ ಕೆಳಅಂಚಿಗೆ.
ನಾವು ಅದಕ್ಕೊಂದು ಹೆಸರಿಟ್ಟಿದ್ದೆವು.
ತಿಂಗಳ ಪರೀಕ್ಷೆಯಲ್ಲಿ ಒಮ್ಮೆಯೂ ಫೇಲಾಗದ ಟ್ರೈನಿ
ಅದೊಂದೇ.

ಅವನು ನಗಲಿಲ್ಲ. ಬರೆದುಕೊಂಡ.
ಎಷ್ಟು ವರ್ಷ ಇದ್ರಿ?
ಆರೂವರೆ. ಆಮೇಲೆ ಹದಿನಾಲ್ಕು ತಿಂಗಳು ವೇದಿಕೆ.
ಯಾವ ತಂಡ?
ಹೇಳಿದೆ.
ಗೊತ್ತಿಲ್ಲದವರು ಮರ್ಯಾದೆಗೆ ಆಡಿಸುವ ಹಾಗೆ
ತಲೆಯಾಡಿಸಿದ.

ನಾಯಕಿ ಒಳ್ಳೆಯವಳು. ಮೆಂಗ್ ದಾ-ಒನ್.
ತನ್ನ ಬಿಸಿಪೊಟ್ಟಣ ತಂದು ನನ್ನ ಪಾದಕ್ಕಿಟ್ಟಳು.
ಮೂವತ್ತೊಂದನೇ ದೃಶ್ಯ: ತೂಕದ ಯಂತ್ರ ಹತ್ತಿ ಅಳುತ್ತಾಳೆ.
ಅಕ್ಕಾ, ನೀವು ಹೇಗೆ ಅಳುತ್ತಿದ್ದಿರಿ?
ಅಳುತ್ತಿರಲಿಲ್ಲ.
ಕಿವಿಯೋಲೆ ಬಿಚ್ಚಿಡುತ್ತಿದ್ದೆವು, ಕೂದಲ ಕ್ಲಿಪ್ಪು,
ಸೊ-ದಂ ಎಂಬವಳು ಕಾಗದದ ಲೋಟಕ್ಕೆ
ಉಗುಳಿ ಉಗುಳಿ ಬರುತ್ತಿದ್ದಳು, ಐವತ್ತು ಗ್ರಾಮಿಗೆ.
ನಿರ್ದೇಶಕರು ಕೇಳಿಸಿಕೊಂಡರು. ಚೆನ್ನಾಗಿದೆ, ಎಂದರು.
ಆದರೆ ಉಗುಳಿಗೆ ಹಿನ್ನೆಲೆ ಸಂಗೀತ ಕೂರುವುದಿಲ್ಲ.
ಮೂರು ಟೇಕು ಅತ್ತಳು ದಾ-ಒನ್.
ಮೂರೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನನ್ನ ಸರದಿ ರಾತ್ರಿ ಎರಡಕ್ಕೆ.
ಅವಳ ಬೂಟು ಇನ್ನೂರ ಮೂವತ್ತೈದು,
ನನ್ನ ಪಾದ ಇನ್ನೂರ ನಲವತ್ತೈದು.
ಇರುವುದು ಒಂದೇ ಜೋಡಿ.
ಹೆಬ್ಬೆರಳು ಮಡಿಸಿ ತೂರಿಸಿದೆ.
ಕ್ಯಾಮೆರಾ ನೆಲಕ್ಕೆ ಕೆನ್ನೆಯಿಟ್ಟು ಮಲಗಿತ್ತು.

ಎಡಗಾಲು ತಾಳಕ್ಕಿಂತ ಒಂದು ಕೂದಲು ಮುಂಚೆ ಬಿತ್ತು.
ಆಗಲೂ ಹಾಗೇ. ಟೀಚರು ಕೋಲಿನಿಂದ ನೆಲ ಕುಟ್ಟಿ ಕೇಳುತ್ತಿದ್ದರು,
ಬೋ-ರಂ, ಆ ಕಾಲಿಗೆ ಯಾವ ಬಸ್ಸು ತಪ್ಪಿಹೋಗುತ್ತೆ?
ಒಂಬತ್ತು ಜನರಲ್ಲಿ ನಾಲ್ವರು
ಆ ವರ್ಷವೇ ಕಾಲಿಗೆ ಬುದ್ಧಿ ಹೇಳಿದರು.
ನಾನೂ ಹೇಳುತ್ತಲೇ ಇದ್ದೆ.
ಅದು ಕೇಳಲಿಲ್ಲ.

ಇನ್ನೊಂದು ಟೇಕು ಬೇಕಾ? ಕೇಳಿದೆ.
ಯಾರಿಗೂ ಕಂಡಿರಲಿಲ್ಲ.
ದೀಪ ಆರಿಸುವವ ಆಗಲೇ ಕೈಗವಸು ಬಿಚ್ಚಿದ್ದ.

ಮೂರನೇ ಕಂತು, ಶನಿವಾರ.
ರಾಮ್ಯನ್ ಕುದಿಯಲಿಟ್ಟು ನಿಂತೇ ನೋಡಿದೆ.
ನೀರಿನ ಕ್ಯಾನಿನ ಹಿಂದೆ, ಎರಡೇ ಸೆಕೆಂಡು,
ಕರಿಯೆಳ್ಳು.
ಮಿಕ್ಕ ಯಾವುದಕ್ಕೂ ಏನೂ ಅನ್ನಿಸದವಳಿಗೆ
ಅಲ್ಲಿ ಎದೆ ಝಲ್ಲೆಂದಿತು.
ರಾಮ್ಯನ್ ಉಕ್ಕಿ ಒಲೆ ಆರಿತು.

ಆಮೇಲೆ ಅಮ್ಮನ ಫೋನು, ಗುನ್ಸಾನಿನಿಂದ,
ಬಸ್ ಡಿಪೋ ಕ್ಯಾಂಟೀನಿನ ಪಾತ್ರೆಗಳ ಸದ್ದಿನ ಜೊತೆ.
ಡ್ರೈವರುಗಳೆಲ್ಲ ಕೂತು ನೋಡುತ್ತಾರಂತೆ ಈ ಡ್ರಾಮಾ.
ನಾನು ಈ ಕೆಲಸದ ವಿಷಯ ಹೇಳಿರಲಿಲ್ಲ,
ಯಾಕೆಂದು ನನಗೂ ಸರಿಯಾಗಿ ಗೊತ್ತಿಲ್ಲ.

ಆ ಹುಡುಗಿ ಚೆಂದ ಕಣೇ, ಎಂದಳು.
ಅಳುವಾಗಂತೂ ಪಾಪ.
ಆದರೆ ಎಡಗಾಲು ನೋಡಿದೆಯಾ? ನಿನ್ನ ಹಾಗೇ ಅವಸರ.
ಅಷ್ಟು ದುಡ್ಡು ಸುರಿಯುತ್ತಾರೆ,
ಅದನ್ನೊಂದು ತಿದ್ದುವವರು ಸಿಗಲಿಲ್ಲವಾ ಅವಳಿಗೆ?

ಹೆಬ್ಬೆರಳಿನ ಉಗುರು ಇನ್ನೂ ನೀಲಿ.
ಅದನ್ನೇ ನೋಡುತ್ತಿದ್ದೆ.

ಕಲಿತಾಳೆ ಬಿಡಮ್ಮ, ಎಂದೆ,
ಇನ್ನೂ ಹದಿಮೂರು ಕಂತಿದೆ.