ಗಂಟೆಯ ನಾಲಗೆ

ಅದೂಫೆಗೆ ಎರಡು ಮುಖ, ನಾಲ್ಕು ಮೂಲೆ.
ಒಂದು ಕಡೆ ಹೆಣ್ಣಾಡು, ಇನ್ನೊಂದು ಕಡೆ ಹೋತ.
ಎರಡೂ ನನ್ನ ಮಂದೆಯವೇ.
ಬದುಕಿದ್ದಾಗ ಒಂದು ದಿನವೂ ಕೂಡಿ ಮೇಯ್ದವಲ್ಲ,
ಅವನು ಹತ್ತಿರ ಬಂದರೆ ಇವಳು ಕೊಂಬು ತಗ್ಗಿಸುವಳು.
ಈಗ ನಾಲ್ಕು ಬೆರಳಗಲದ ಕತ್ತಲೆಯ ಆಚೆ ಈಚೆ
ಒಂದೇ ದಾರದಲ್ಲಿ ಹೊಲಿಸಿಕೊಂಡಿವೆ.

“ಎರಡೂ ಹೆಣ್ಣಾದರೆ ಮಾತು ಮುಗಿಯದು,
ಎರಡೂ ಗಂಡಾದರೆ ಮಾತೇ ಹೊರಡದು”
ಅನ್ನುತ್ತಾಳೆ ಜುಲ್ಮಿರಾ, ಸೂಜಿಯನ್ನು ಹಲ್ಲಲ್ಲಿ ಕಚ್ಚಿ.

ಪೈನ್ ಚೌಕಟ್ಟು ಕಟ್ಟಿದವನು ನಾನು,
ತೊಗಲು ನೆನೆಹಾಕಿ ಕೂದಲು ಹೆರೆದವನೂ.
ಆದರೆ ಬಾರಿಸುವಂತಿಲ್ಲ.
ಬೇಯ್ರಾದ ಈ ಗಡಿಸೀಮೆಯಲ್ಲಿ ಅದು ಹೆಂಗಸರ ಕೈಯದು.

ಹಾಗಾಗಿ ಕಣ್ಣಲ್ಲೇ ಕಲಿತೆ:
ಚೌಕವನ್ನು ಚೌಕವಾಗಿ ಹಿಡಿಯಬಾರದು,
ಒಂದು ಮೂಲೆ ಆಕಾಶಕ್ಕೆ ಏಳಬೇಕು.
ಎರಡು ಹೆಬ್ಬೆರಳು, ಬಲದ ತೋರುಬೆರಳು,
ಹೊರಲು ಇಷ್ಟೇ. ಉಳಿದ ಏಳಕ್ಕೂ ಬಿಡುವು;
ಬಿಡುವಿದ್ದವೇ ಇಲ್ಲಿ ದುಡಿಯುವುದು.
ಒಂದು ಕೈ ನಡುವಲ್ಲಿ ದುಂ ಎಂದು ಊರಿದರೆ
ಇನ್ನೊಂದು ಅಂಚಲ್ಲಿ ತಕ ತಕ ಹೆಕ್ಕುತ್ತದೆ, ಕೋಳಿಯ ಹಾಗೆ.
ಒಳಗಿನ ಜೋಳದ ಕಾಳು ಎಲ್ಲಕ್ಕೂ ತುಸು ತಡ,
ಗೋಡೆಯಾಚೆ ಯಾರೋ ಗುಸುಗುಸು ಅಂದಂತೆ.

ಕೊನೆಯ ಮೂಲೆ ಹೊಲಿಯುವ ಮುಂಚೆ
ಅವಳು ಒಲೆಯ ಕಡೆ ತಿರುಗಿದ್ದಳು.
ಬಂಡೆಯಿಂದ ಜಾರಿ ಸತ್ತ ಆ ಹೆಣ್ಣಾಡಿನ
ಕೊರಳ ಗಂಟೆಯ ನಾಲಗೆ,
ಕಿರುಬೆರಳಷ್ಟು ಕಬ್ಬಿಣ,
ಕಾಳಿನ ನಡುವೆ ಹಾಕಿಬಿಟ್ಟೆ.

ಮೇ ತಿಂಗಳು. ಹೆಂಗಸರು ಕೋಟೆ ಹತ್ತುವ ದಿನ.
ರಾತ್ರಿಯ ತೇವಕ್ಕೆ ತೊಗಲು ಸಡಿಲಾಗಿ
ಬ್ರೆಡ್ಡಿನ ಒಲೆಯ ಬಾಯಿಗೆ ಹಿಡಿದು ಕಾಸಿದರು
ಬಿಗಿಯಾಗುವವರೆಗೆ.
ನಾನು ಕೆಳಗೆ, ಆಲಿವ್ ಮರಗಳ ಹತ್ತಿರ, ಮಂದೆಯ ಜೊತೆ.
ಹದಿನಾರು ಅದೂಫೆಗಳ ದುಂ ತಕ ತಕ, ದುಂ ತಕ,
ನಡುವೆಲ್ಲೋ ಒಂದು ಟಿಕ್.

ಮಂದೆಯಲ್ಲಿ ಒಂದೇ ಒಂದು ತಲೆ ಎದ್ದಿತು:
ಕಳೆದ ಚಳಿಗಾಲದ ಮರಿ, ಬಾಯಲ್ಲಿ ಅರ್ಧ ಹುಲ್ಲು.
ಕೂಗಿದರೂ ನಿಲ್ಲದೆ ಮೆಟ್ಟಿಲು ಹತ್ತಿ
ಲಂಗಗಳ ನಡುವೆ ನುಸುಳಿ
ಜುಲ್ಮಿರಾಳ ಮುಂದೆ ಹೋಗಿ ನಿಂತಿತು.
ಅವಳು ಮರಿಯನ್ನು ನೋಡಿದಳು, ಅದೂಫೆಯನ್ನು ನೋಡಿದಳು,
ಅಷ್ಟೆತ್ತರದಿಂದ ನನ್ನನ್ನು ಹುಡುಕಿದಳು.
ಬೆರಳು ಮಾತ್ರ ನಿಲ್ಲಿಸಲಿಲ್ಲ.

ಸಂಜೆ ಬಾಗಿಲಿಗೆ ಬಂದಳು.
ದಾರ ಕತ್ತರಿಸುತ್ತಾಳೆ ಅಂದುಕೊಂಡೆ.
“ಒಂದು ಕಡೆ ಭಾರ ಎಳೆಯುತ್ತಿತ್ತು,
ನನ್ನ ಕೈಗೇ ವಯಸ್ಸಾಯಿತೇನೋ ಅಂತಿದ್ದೆ” ಅಂದಳು.
ಆಮೇಲೆ ಅದೂಫೆ ತಿರುಗಿಸಿ,
ಹೋತನ ತೊಗಲನ್ನು ಅಂಗೈಯಲ್ಲಿ ಒರೆಸಿ:
“ಇವನಿಗೇನು ಹಾಕಿದೆ?”

ಏನೂ ಇಲ್ಲ, ಅಂದೆ.
ಅವನನ್ನು ಕೊಯ್ದವನು ನಾನೇ.